ಗವಿರಂಗನ ಬಾಯಿ ಕಟ್ಟಿದ್ದು

ನನ್ನ ತಮ್ಮ ಗವಿರಂಗ ಹೆಣ್ಣು ನೋಡಲು ಹೋದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ನಮ್ಮೂರಿನದೇ ಮೇಲಿನ ಬೀದಿಗೆ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಅವನ ಕಣ್ಣು ಹೆಣ್ಣಿನ ಅಪ್ಪನ ಮೊಣಕಾಲಿನ ಮೇಲೆ ಬಿತ್ತು. ಅದು ಬೂದುಗುಂಬಳದ ಹಾಗೆ ಊದಿಕೊಂಡಿತ್ತು. ಬಂದ ಕೆಲಸ ನೋಡಿಕೊಂಡು ಸುಮ್ಮನಿರಬೇಕೋ ಬೇಡವೋ? ಇವನು ಅವರ ಹಿತ್ತಲಿಗೇ ಹೋಗಿ ಲಕ್ಕಿ ಸೊಪ್ಪು ಕಿತ್ತು ತಂದು, ಅವರ ಒಲೆಯ ಮೇಲೇ ಬಿಸಿ ಮಾಡಿ, ಮಾವನಾಗಬೇಕಾದವನ ಮೊಣಕಾಲಿಗೆ ಕಟ್ಟುತ್ತಾ, “ಹೊತ್ತು ಹುಟ್ಟಿ ಮುಳುಗೋವರ್ಗೂ ಜಗಲಿ ಮೇಲೆ ಕುಂತು ಎದ್ರುಮನೆ ಬಚ್ಚಲು ನೋಡ್ತೀಯಲ್ಲೋ ಮುದಿಕೋತಿ, ಎದ್ದು ನಾಕೆಜ್ಜೆ ನಡ್ದಿದ್ರೆ ಮಂಡಿ ಇಂಗೆ ಕುಂಬ್ಳಕಾಯಿ ಆಯ್ತಿತ್ತಾ?” ಎಂದು ಬೈದ. ನಾವು ಬೀದಿ ದಾಟುವಷ್ಟರಲ್ಲಿ ಊತ ಇಳಿಯಿತಂತೆ. ಹೆಣ್ಣು ಮಾತ್ರ ಕೊಡಲಿಲ್ಲ.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ನಮ್ಮೂರಿನಲ್ಲಿ ಬೈಯದೆ ಕೊಟ್ಟ ಸೊಪ್ಪು ಹತ್ತುವುದಿಲ್ಲ. ‘ಬೈಯದ ಮದ್ದು ಬರೀ ಪಲ್ಯ’ ಎಂದು ಅಂಬೆಗಾಲಿಡುವ ಮಕ್ಕಳಿಗೂ ಗೊತ್ತು. ಬೈಗುಳವೂ ನಿಜದ್ದಾಗಿರಬೇಕು. ಮಾಡಿದ ತಪ್ಪನ್ನು ಎತ್ತಿ ಮುಖಕ್ಕೆ ಹೊಡೆದಂತೆ ಹೇಳಿದರೆ ಊತ ಇಳಿಯುತ್ತದೆ, ಜ್ವರ ಬಿಡುತ್ತದೆ, ಹಲ್ಲುನೋವು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಾಯ. ಮಾಡದ ತಪ್ಪಿಗೆ ಬೈದರೆ ಇದ್ದ ನೋವು ಒಂದಕ್ಕೆರಡು. ಈ ಪದ್ಧತಿ ಎಲ್ಲಿಂದ ಬಂತೆಂದು ನಾವು ಯಾರೂ ಕೇಳಿದವರಲ್ಲ. ಬೇವು ಯಾಕೆ ಕಹಿ ಎಂದು ಯಾರಾದರೂ ಕೇಳುತ್ತಾರೆಯೇ?

ಹಾಗಾಗಿ ಕಾಯಿಲೆಯವರು ಗವಿರಂಗನ ಮದ್ದಿಗೆಂದು ನಮ್ಮ ಮನೆಗೆ ಬರುವಾಗ ಒಂದು ಸಣ್ಣ ತಪ್ಪನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೇ ಬರುತ್ತಿದ್ದರು. “ನಿನ್ನೆ ಅತ್ತೆಗೆ ಹಳಸಲು ಸಾರು ಬಡಿಸ್ದೆ ಕಣಣ್ಣ, ಅದನ್ನೇ ಹಿಡ್ಕೊಂಡು ಬೈದ್ಬುಡು” ಎನ್ನುವರು. ದೊಡ್ಡದು ಹೊರಗೆ ಬರದಿರಲಿ ಎಂಬ ಹುನ್ನಾರ. ಆದರೆ ಸಣ್ಣ ತಪ್ಪಿಗೆ ಸಣ್ಣ ನೆಗಡಿ ಹೋದೀತೇ ಹೊರತು ಕೀಲುನೋವು ಹೋಗುವುದಿಲ್ಲ. ಹಾಲುಗೂಸಿಗೆ ಜ್ವರ ಬಂದರೆ ಏನು ಬೈಯುತ್ತೀರಿ ಎಂದು ನೀವು ಕೇಳಬಹುದು. ಅದರ ಅಪ್ಪನಿಗೆ ಬೈದರೆ ಸಾಕು, ಮಗುವಿಗೆ ತಗಲುತ್ತದೆ. ಮದ್ದಿನ ಜೊತೆ ಆಡಿದ ಮಾತನ್ನು ಹೊಸಿಲಿನಾಚೆ ಒಯ್ಯಬಾರದು ಎಂಬುದು ನೇಮ. ಒಯ್ಯದವರು ಊರಿನಲ್ಲಿ ಒಬ್ಬರೂ ಇಲ್ಲ ಎಂಬುದು ಬೇರೆ ಮಾತು. ಒಮ್ಮೆ ಯಾರೋ ಪುಣ್ಯಾತ್ಮ ಪೇಟೆ ಬೀದಿಯಲ್ಲಿ ಮಾತ್ರೆ ಅಂಗಡಿ ತೆರೆದ. ಬಲು ಮರ್ಯಾದಸ್ಥ, ಬಂದವರಿಗೆಲ್ಲ “ಕೂತ್ಕೊಳ್ಳಿ, ನೀರು ಕುಡೀತೀರಾ” ಎನ್ನುತ್ತಿದ್ದ. ಒಬ್ಬರಿಗೂ ವಾಸಿಯಾಗಲಿಲ್ಲ. ಈಗ ಅದೇ ಅಂಗಡಿಯಲ್ಲಿ ಬಕೆಟ್ಟು, ಚೊಂಬು ಮಾರುತ್ತಾನೆ.

ನಮ್ಮ ಮಠದ ಸ್ವಾಮಿಗಳ ಕಾಲಿನ ಹೆಬ್ಬೆರಳು ಒಮ್ಮೆ ಕೆಂಪಗೆ ಬಾತು, ಪಾದುಕೆ ಹಾಕಲಾರದೆ ಅವರು ಮಂಚ ಹಿಡಿದರು. ಸ್ವಾಮಿಗಳಿಗೆ ಬೈಯುವ ಗಂಡೆದೆ ಯಾರಿಗಿದೆ? ಗವಿರಂಗ ಹೋದ. ಹುಣಸೆ ಎಲೆ ಬೇಯಿಸಿ ಪಟ್ಟು ಹಾಕುತ್ತಾ, “ಊರೋರ್ಗೆಲ್ಲ ಉಪವಾಸ ಹೇಳ್ಬುಟ್ಟು ನೀನು ಹಿಂಬಾಗ್ಲಲ್ಲಿ ಹೋಳಿಗೆ ತರಿಸ್ಕೊಂಡು ಹನ್ನೊಂದು ತಿಂತೀಯಲ್ಲೋ ಹೊಟ್ಟೆಬಾಕ, ಆ ತುಪ್ಪ ಕಣೋ ಬೆರಳಿಗಿಳಿದಿರೋದು” ಎಂದ. ಶಿಷ್ಯರು ಕಿವಿ ಮುಚ್ಚಿಕೊಂಡರು. ಸ್ವಾಮಿಗಳು ಬೆರಳು ಅಲ್ಲಾಡಿಸಿ ನೋಡಿ, ಕಣ್ಣು ಮುಚ್ಚಿ, “ಎಡಗಾಲಿಗೂ ಒಂದು ಮಾತು ಅಂದುಬಿಡಪ್ಪ” ಎಂದರಂತೆ. ಅಂಥ ಬಾಯಿ ನನ್ನ ತಮ್ಮನದು.

ನಾನು ಚನ್ನಾಜಮ್ಮ, ಅವನಿಗಿಂತ ಐದು ವರ್ಷಕ್ಕೆ ದೊಡ್ಡವಳು. ನನ್ನ ಗಂಡ ಮದುವೆಯಾದ ಎರಡನೇ ವರ್ಷ ಎಮ್ಮೆ ಕೊಳ್ಳಲು ಸಂತೆಗೆ ಹೋದವನು ಎಮ್ಮೆಯನ್ನೂ ಕಳಿಸಲಿಲ್ಲ, ತಾನೂ ಬರಲಿಲ್ಲ. ಅಂದಿನಿಂದ ತಮ್ಮನ ಮನೆಯೇ ನನ್ನ ಮನೆ. ಅವನು ಸೊಪ್ಪು ತರುತ್ತಾನೆ, ನಾನು ಅರೆಯುತ್ತೇನೆ. ಮೂವತ್ತು ವರ್ಷ ಒರಳಿನ ಮುಂದೆ ಕೂತು ನನ್ನ ಬೆರಳ ಗೆಣ್ಣುಗಳೆಲ್ಲ ಬಾತುಕೊಂಡಿವೆ. ದಿನಾ ಬೆಳಿಗ್ಗೆ ಗವಿರಂಗ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ನನ್ನ ಬೆರಳುಗಳಿಗೆ ಸುತ್ತುತ್ತಾ ಬೈಯುತ್ತಾನೆ. “ಹಾಲು ನೀನೇ ಉಕ್ಕಿಸ್ಬುಟ್ಟು ಬೆಕ್ಕಿನ ಮ್ಯಾಲೆ ಹಾಕಿದ್ಯಲ್ಲ, ಆ ಬೆಕ್ಕಿಗೆ ಮಾತು ಬಂದಿದ್ರೆ ನಿನ್ನ ಮಾನ ಉಳೀತಿತ್ತಾ?” ಈ ತರಹದ್ದು. ಬೈಯಲು ಕಾರಣ ಹುಡುಕುವ ಕಷ್ಟವನ್ನು ಮಾತ್ರ ನಾನು ಅವನಿಗೆ ಒಂದು ದಿನವೂ ಕೊಟ್ಟಿಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಕೆಳಗಿನ ಬೀದಿಯ ಹಿಟ್ಟಿನ ಗಿರಣಿಗೆ ದೇವೀರಮ್ಮ ಬಂದಳು. ಅವಳ ಸೋದರಮಾವನ ಗಿರಣಿ ಅದು. ಮಾವ ತೀರಿಕೊಂಡ ಮೇಲೆ ಬಾಗಿಲು ಹಾಕಿತ್ತು, ಜನ ರಾಗಿ ಬೀಸಿಸಲು ಎರಡು ಹರದಾರಿ ಹೋಗುತ್ತಿದ್ದರು. ದೇವೀರಮ್ಮನಿಗೆ ನಲವತ್ತನಾಲ್ಕು ವರ್ಷ, ಗಂಡ ತೀರಿಹೋಗಿ ಹನ್ನೆರಡು ವರ್ಷ. ಅವಳೇ ಉಳಿ ಹಿಡಿದು ಸವೆದು ನುಣುಪಾಗಿದ್ದ ಬೀಸುಕಲ್ಲಿಗೆ ಮುಳ್ಳು ಹೊಡೆದಳು, ಅವಳೇ ಮೋಟರಿಗೆ ಎಣ್ಣೆ ಬಿಟ್ಟಳು, ಎಂಟು ದಿನದೊಳಗೆ ಗಿರಣಿ ಗರಗರ ಎಂದಿತು. ಹುಬ್ಬಿನಿಂದ ಹಿಡಿದು ಹಿಮ್ಮಡಿಯವರೆಗೆ ಸದಾ ಹಿಟ್ಟು ಮೆತ್ತಿಕೊಂಡಿರುತ್ತಿದ್ದಳು. ಊರಿನ ಗಂಡಸರನ್ನೆಲ್ಲ ಬಾಯ್ತುಂಬ ಅಣ್ಣ ಎನ್ನುತ್ತಿದ್ದಳು.

ಶ್ರಾವಣದಲ್ಲಿ ಒಂದು ದಿನ ಗಿರಣಿಯ ಬೆಲ್ಟು ಕಳಚಿಕೊಂಡು ಬಂದು ಅವಳ ಬಲಭುಜಕ್ಕೆ ಬಾರಿಸಿತು. ಮರುದಿನ ಬೆಳಿಗ್ಗೆ ನಮ್ಮ ಜಗಲಿಗೆ ಬಂದಳು. ಆಗಲೇ ಏಳೆಂಟು ಜನ ಕೂತಿದ್ದರು. ಅವಳ ಸರದಿ ಬಂದಾಗ ಸೆರಗು ಸರಿಸಿ ಭುಜ ತೋರಿಸುತ್ತಾ, “ನೋಡಿ ಪಂಡಿತ್ರೆ, ಕೈ ಮೇಲಕ್ಕೆತ್ತಕ್ಕೇ ಆಯ್ತಿಲ್ಲ” ಎಂದಳು. ಭುಜ ಸೌತೆಕಾಯಿ ಅಡಗಿಸಿಟ್ಟ ಹಾಗೆ ಉಬ್ಬಿತ್ತು.

ಗವಿರಂಗ ಬಾಯಿ ತೆರೆದ. ನಾನು ಒರಳಿನ ಹತ್ತಿರದಿಂದ ಕಿವಿ ನಿಮಿರಿಸಿದೆ. ತೆರೆದ ಬಾಯಿ ತೆರೆದೇ ಇತ್ತು. ಒಂದು ನೊಣ ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತಾದ ಮೇಲೆ ಅವನು, “ಕೂತ್ಕೊಳ್ಳಿ” ಎಂದ.

ಜಗಲಿಯ ಮೇಲೆ ಕೂತವರೆಲ್ಲ ಬೆಚ್ಚಿದರು. ಬೆನ್ನುನೋವಿನ ಸಣ್ಣೀರಪ್ಪ ಹನ್ನೆರಡು ವರ್ಷದಿಂದ ಬರುತ್ತಿದ್ದವನು, ಅವನು ಅರ್ಧ ಎದ್ದು ನಿಂತೇ ಕೇಳಿದ, “ಇದೇನ್ಲಾ ಗವಿ, ಆಯಮ್ಮಂಗೆ ಮರ್ವಾದೆ ಕೊಡ್ತಿದೀಯ? ಸಾಯಿಸ್ಬೇಕು ಅಂತಿದೀಯೇನ್ಲಾ?”

ಗವಿರಂಗನ ಕಿವಿ ಕೆಂಪಾಯಿತು. ಬಿಸಿ ಸೊಪ್ಪು ಕಟ್ಟುತ್ತಾ ತಡಬಡಿಸಿ, “ನೀವು... ಬೆಲ್ಟಿನ ತಾವ ಒಸಿ ಹುಷಾರಾಗಿರ್ಬೇಕಾಗಿತ್ತು” ಎಂದ. ಅದೇನು ಬೈಗುಳವೇ? ರೇಡಿಯೋದಲ್ಲಿ ರೈತರಿಗೆ ಹೇಳುವ ಸಲಹೆ ಅದು. ದೇವೀರಮ್ಮ ತಲೆ ಬಗ್ಗಿಸಿ, “ಸರಿ ಪಂಡಿತ್ರೆ” ಎಂದು ಹೋದಳು. ಮರುದಿನ ಮತ್ತೆ ಬಂದಳು. “ಸೊಪ್ಪು ಬಿಸೀಗಿತ್ತು, ಘಮಘಮ ಅಂತಿತ್ತು. ನೋವು ಮಾತ್ರ ಹಂಗೇ ಐತೆ” ಎಂದಳು. ಆ ದಿನ ಅವನು, “ನಿಮ್ಗೆ ಒಸಿ ವಿಶ್ರಾಂತಿ ಬೇಕು” ಎಂದ. ನಾನು ಒರಳಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ತಪ್ಪು ಸಿಕ್ಕಿದರೆ ತಾನೆ ಬೈಯುವುದು, ಹುಡುಕುತ್ತೇನೆ ಎಂದು ಗವಿರಂಗ ರಾಗಿ ಚೀಲ ಹೊತ್ತು ಗಿರಣಿಗೆ ಹೋದ. ಮಧ್ಯಾಹ್ನ ಬಂದು, “ಎಡಗೈಲೇ ಕಲ್ಲು ಎತ್ತಿ ಕೂರಿಸ್ತಾರೆ ಕಣಕ್ಕಯ್ಯ, ನೋಡ್ಬೇಕು ನೀನು” ಎಂದ. ಮಾರನೇ ದಿನ ಕಡಲೆಬೇಳೆ ಬೀಸಿಸಲು ಹೋದ. ಅದರ ಮಾರನೇ ದಿನ ಮೆಣಸಿನಕಾಯಿ. ಮನೆಯಲ್ಲಿ ಎರಡು ಮದುವೆಗೆ ಸಾಲುವಷ್ಟು ಹಿಟ್ಟು ಸೇರಿತು, ತಪ್ಪು ಮಾತ್ರ ಒಂದು ಚಿಟಿಕೆಯೂ ಸಿಗಲಿಲ್ಲ. ಗಿರಣಿಯ ಪಕ್ಕದ ಮನೆಯ ಮುದುಕಿ, ದೇವೀರಮ್ಮ ಗೊರಕೆ ಹೊಡೆಯುತ್ತಾಳೆಂದು ಹೇಳಿ ಕಳಿಸಿದಳು. ಗವಿರಂಗ ರೇಗಿದ. “ದಿನವೆಲ್ಲ ದುಡಿದೋರು ಗೊರಕೆ ಹೊಡೀದೆ ಕೊಳಲು ಊದ್ತಾರಾ?”

ಇಷ್ಟೆಲ್ಲ ಆಗುತ್ತಿದ್ದರೂ ದೇವೀರಮ್ಮ ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿದ್ದಳು. ಅವನು ಅಷ್ಟೇ ತಪ್ಪದೆ ಸೊಪ್ಪು ಕಟ್ಟುತ್ತಿದ್ದ. ಭುಜದ ಊತ ಅಷ್ಟೇ ತಪ್ಪದೆ ಇತ್ತು.

ಆರನೇ ದಿನ ಗವಿರಂಗ ತಲೆಗೆ ಎಣ್ಣೆ ಹಚ್ಚಿ ಬಾಚಿದ. ಟ್ರಂಕಿನ ತಳದಲ್ಲಿದ್ದ ಬಿಳಿ ಅಂಗಿ ತೆಗೆದು ಹಾಕಿಕೊಂಡ. ನಲವತ್ತೊಂಬತ್ತು ವರ್ಷದ ಗಂಡಸು ಅಂಗಿಯ ಗುಂಡಿ ಹಾಕುತ್ತಾ ನನ್ನ ಕಡೆ ನೋಡದೆ ಸಿಳ್ಳೆ ಹಾಕುತ್ತಿದ್ದ. ಈ ಒಲೆ, ಈ ಒರಳು, ಈ ಮೂಲೆಯ ಚಾಪೆ, ಇವಿಷ್ಟೇ ನನ್ನ ಆಸ್ತಿ. ಇನ್ನೊಬ್ಬಳು ಹೊಸಿಲು ದಾಟಿ ಬಂದರೆ ನಾನು ಯಾವ ಮೂಲೆಗೆ? ಸಂತೆಗೆ ಹೋದ ಗಂಡನನ್ನು ಹುಡುಕಿಕೊಂಡು ಹೋಗಲೇ?

“ಲೋ ಗವಿ” ಎಂದೆ. “ತಪ್ಪು ಹುಡುಕ್ತಿದ್ಯಲ್ಲ, ತಗೋ. ಬಂದೋರ ರಾಗೀಲಿ ದಿನಾ ಒಂದೊಂದು ಪಾವು ತೆಗೆದು ತನ್ನ ಮಡಕೆಗೆ ಹಾಕ್ಕೋತಾಳೆ ಅವಳು.”

ಅವನ ಸಿಳ್ಳೆ ನಿಂತಿತು. “ಯಾರಂದ್ರು?”

“ಯಾರೂ ಅನ್ಬೇಕಾಗಿಲ್ಲ. ಕಣ್ಣಾರೆ ಕಂಡೆ.”

ನಾನು ಕಂಡಿರಲಿಲ್ಲ. ಸುಳ್ಳು ಬೈಗುಳದಿಂದ ಊತ ಹೆಚ್ಚಾಗುತ್ತದೆಂಬುದು ಆಗ ತಲೆಗೆ ಹೊಳೆಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಹೊಳೆಯಿತು. ಒಸಿ ಹೆಚ್ಚಾಗಲಿ, ಇವನ ಸೊಪ್ಪಿನ ಮೇಲೆ ನಂಬಿಕೆ ಹೋಗಿ ಬರುವುದು ಬಿಡಲಿ ಎಂದುಕೊಂಡೆ.

ದೇವೀರಮ್ಮ ಬಂದಳು. ಗವಿರಂಗ ಸೊಪ್ಪು ಕಟ್ಟುತ್ತಾ, ನೆಲ ನೋಡುತ್ತಾ, “ಬಡವ್ರ ರಾಗಿ ಕದೀತೀಯ, ನಾಚ್ಕೆ ಆಗಲ್ವಾ ನಿಂಗೆ, ಹಿಟ್ಟುಗಳ್ಳಿ” ಎಂದ. ಕೊನೆಯ ಮಾತು ಕಪ್ಪೆ ವಟಗುಟ್ಟಿದಂತೆ ಬಂತು. ದೇವೀರಮ್ಮ ಅವನ ಮುಖ ನೋಡಿದಳು. “ನಾನಾ? ನೀವೂ ಇಂಗಂತೀರಾ ಪಂಡಿತ್ರೆ?” ಎಂದಳು. ಕಟ್ಟಿದ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿ, ಸೊಪ್ಪನ್ನು ಜಗಲಿಯ ಮೇಲೆ ಇಟ್ಟು, ಎದ್ದು ಹೋದಳು.

ಮರುದಿನ ಮಧ್ಯಾಹ್ನ ಸಣ್ಣೀರಪ್ಪ ಸೊಂಟ ಹಿಡಿದುಕೊಂಡು ಓಡಿ ಬಂದ. “ಗಿರಣಿ ನಿಂತದೆ ಕಣ್ಲಾ ಗವಿ. ಆಯಮ್ಮನ ಊತ ಕುತ್ಗೆಗೇರದೆ. ಮೈ ಮುಟ್ಟಿದ್ರೆ ಕೈ ಸುಡ್ತದೆ” ಎಂದ.

ಗವಿರಂಗ ಆರಿಸುತ್ತಿದ್ದ ಸೊಪ್ಪನ್ನು ಕುಕ್ಕೆಗೆ ಹಾಕಿ ತಲೆ ತಗ್ಗಿಸಿದ. “ಸುಳ್ಳು ಬಿದ್ದದೆ ಅಕ್ಕಯ್ಯ. ನನ್ನ ಬಾಯಿಂದ ಸುಳ್ಳು ಬಿದ್ದದೆ” ಎಂದ. ಆಮೇಲೆ ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದ.

“ನಾನು ಕಂಡಿಲ್ಲ ಕಣೋ” ಎಂದೆ. “ಸುಳ್ಳು ಹೇಳ್ದೆ.”

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಪುಣ್ಯ ಬರುತ್ತಿತ್ತು. ಅವನು ಒಂದು ಮಾತೂ ಆಡದೆ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಹೊರಟುಹೋದ. ಮರುದಿನ ಬೆಳಿಗ್ಗೆ ಎಕ್ಕದ ಎಲೆಯೂ ಇಲ್ಲ, ಮಾತೂ ಇಲ್ಲ. ಬೆರಳುಗಳು ಮಡಚಲಾರದೆ, ಮುದ್ದೆ ಮುರಿಯಲಾರದೆ ಕೂತೆ. ಅವನು ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಾನೆ, ಅವಳು “ಆಯಪ್ಪ ಒಳಕ್ಕೆ ಬರಕೂಡ್ದು” ಎಂದಿದ್ದಾಳೆ ಎಂದು ಸುದ್ದಿ ಬಂತು. ಕೆಳಗಿನ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ಗೊರಕೆಗೆ ಬೈದು, ಸಾರಿಗೆ ಉಪ್ಪು ಮರೆಯುವುದಕ್ಕೆ ಬೈದು ಕಷಾಯ ಕುಡಿಸಿದರಂತೆ. ಜ್ವರ ನೂಲಿನಷ್ಟು ಇಳಿದು ಮತ್ತೆ ಗೇಣಿನಷ್ಟು ಏರುತ್ತಿತ್ತು. ಗೊರಕೆಯ ಬೈಗುಳಕ್ಕೆ ಇಳಿಯುವ ಜ್ವರವಾಗಿರಲಿಲ್ಲ ಅದು. ಮೂರನೇ ದಿನ, ಅವಳು ಜ್ವರದ ತಾಪಕ್ಕೆ ಕನವರಿಸುತ್ತಾ, ನಿಂತ ಗಿರಣಿಯನ್ನು ನಿಲ್ಲಿಸಿ ಎಂದು ಕೂಗುತ್ತಿದ್ದಾಳೆ ಎಂದರು.

ನಾನು ಅಮೃತಬಳ್ಳಿ, ನೆಲಬೇವು, ಶುಂಠಿ, ಮೆಣಸು ಹಾಕಿ ಕಷಾಯ ಕಾಯಿಸಿದೆ. ಬೆರಳು ಮಡಚಲು ಬಾರದ್ದಕ್ಕೆ ಅಂಗೈಗಳ ನಡುವೆ ಚೊಂಬು ಹಿಡಿದು, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕೆಳಗಿನ ಬೀದಿಗೆ ಹೋದೆ. ಗವಿರಂಗ ಮೆಟ್ಟಿಲ ಮೇಲೆ ಬಾಡಿದ ಲಕ್ಕಿ ಸೊಪ್ಪಿನ ಜೊತೆ ತಾನೂ ಬಾಡಿ ಕೂತಿದ್ದ. ಬಿಳಿ ಅಂಗಿ ಮೂರು ದಿನದಲ್ಲಿ ಮಣ್ಣಾಗಿತ್ತು. ಅವನನ್ನು ದಾಟಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

ಚೀಲಗಳ ನಡುವೆ ಚಾಪೆಯ ಮೇಲೆ ಅವಳು ಮಲಗಿದ್ದಳು. ತೊಲೆಗಳ ಮೇಲಿದ್ದ ಹಳೆಯ ಹಿಟ್ಟು ಗಾಳಿಗೆ ಉದುರಿ ಹಣೆಯ ಮೇಲೆ, ರೆಪ್ಪೆಯ ಮೇಲೆ ಕೂತಿತ್ತು. ಕುತ್ತಿಗೆ ಯಾವುದು ಭುಜ ಯಾವುದು ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ಕನವರಿಕೆ ನಿಂತಿತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು.

“ನೀನು ರಾಗಿ ಕದೀತೀಯ ಅಂತ ಹೇಳಿದ್ದು ನಾನು” ಎಂದೆ. “ಅವನಿಗೇನೂ ಗೊತ್ತಿರ್ಲಿಲ್ಲ.”

“ನಾನು ನಿಮ್ಗೇನು ಮಾಡಿದ್ದೆ ಚನ್ನಾಜಕ್ಕ?”

“ಏನೂ ಮಾಡಿರ್ಲಿಲ್ಲ. ಅದಕ್ಕೇ ಸುಳ್ಳು ಹೇಳ್ಬೇಕಾಯ್ತು.”

ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಮತ್ತೆ ಕಣ್ಣು ಮುಚ್ಚಿಕೊಂಡು, “ಪಂಡಿತ್ರು ಊಟ ಮಾಡಿದ್ರಾ? ಮೂರು ದಿನದಿಂದ ಮೆಟ್ಲ ಮ್ಯಾಲೇ ಅವ್ರೆ” ಎಂದಳು.

ಅರೆ! ಒಳಕ್ಕೆ ಬರಕೂಡದು ಎಂದವಳು ಅವನ ಊಟದ ಲೆಕ್ಕ ಇಟ್ಟಿದ್ದಾಳೆ. ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳತೊಡಗಿತು. ಊರಿನ ಗಂಡಸರೆಲ್ಲ ಇವಳಿಗೆ ಅಣ್ಣಂದಿರು, ಇವನೊಬ್ಬ ಪಂಡಿತ್ರು. ಬೈಯದ ಸೊಪ್ಪು ಹತ್ತುವುದಿಲ್ಲವೆಂದು ಗೊತ್ತಿದ್ದೂ ದಿನಾ ಬಂದಳು. ಬೇರೆ ಯಾರ ಹತ್ತಿರವೂ ಹೋಗಲಿಲ್ಲ, ಒಂದು ದಿನವೂ “ಬೈಯಿರಿ” ಎಂದು ಕೇಳಲಿಲ್ಲ.

ನಾನು ಅಂದುಕೊಂಡದ್ದು ಸುಳ್ಳಾಗಿದ್ದು, ಅದನ್ನೇ ಬೈದರೆ, ಇವಳು ಈ ಚಾಪೆಯ ಮೇಲೇ ಹೋಗುತ್ತಾಳೆ. ನಿಜವಾಗಿದ್ದರೆ ಬದುಕುತ್ತಾಳೆ, ನನ್ನ ಒಲೆ ಒರಳು ಹೋಗುತ್ತವೆ. “ನಿಜ ಹೇಳು ದೇವೀರಿ, ನನ್ನ ತಮ್ಮನ ಮೇಲೆ ನಿಂಗೆ ಮನಸ್ಸದಾ?” ಎಂದು ಕೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಹೇಳದವರನ್ನು ಏನು ಮಾಡುವುದು? ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಚೊಂಬನ್ನು ತುಟಿಗೆ ಹಿಡಿದು, ದೇವರೆಂಬುವನೊಬ್ಬನಿದ್ದರೆ ಅವನಿಗೂ ಕೇಳಿಸಲಿ ಎಂದು ಬಾಯಿ ಬಿಟ್ಟೆ.

“ಕಳ್ಳಿ! ಹಿಟ್ಟು ಕದ್ದೋಳಲ್ಲ ನೀನು, ಅದಕ್ಕಿಂತ ದೊಡ್ಡದಕ್ಕೆ ಕೈ ಹಾಕಿದೀಯ. ಮೊದಲ್ನೇ ದಿನ ನೋವಿಗೆ ಬಂದೆ, ಸರಿ. ಆಮ್ಯಾಲೆ ಅಷ್ಟು ದಿನ ಯಾವ ನೋವಿಗೆ ಬಂದೆ? ಬೈಯ್ದೆ ಕಟ್ಟಿದ ಸೊಪ್ಪು ಹತ್ತಲ್ಲ ಅಂತ ಗೊತ್ತಿಲ್ದೋಳೇನೆ ನೀನು? ಪಕ್ಕದ ಮನೆ ಮುದುಕಿ ಎರಡು ಬೈದು ಕಟ್ಟಿದ್ರೆ ಆವತ್ತೇ ಹೋಗೋ ಊತ ಅದು! ಅದು ಬಿಟ್ಟು, ನನ್ನ ತಮ್ಮನ ಮುಂದೆ ಭುಜ ಚಾಚ್ಕೊಂಡು ಕುಂತ್ಕೊಳ್ಳೋ ಸುಖಕ್ಕೆ ಕರು ಸಾಕ್ದಂಗೆ ನೋವು ಸಾಕ್ಕೊಂಡ್ಯಲ್ಲೇ! ಊರ ಗಂಡಸ್ರೆಲ್ಲ ಅಣ್ಣ, ಇವನೊಬ್ಬ ಪಂಡಿತ್ರಾ? ಪಂಡಿತನಂತೆ, ಪಂಡಿತ! ಎಣ್ಣೆ ಹಚ್ಚಿದ ತಲೆಗೆ ಸರ್ಯಾಗಿ ಬೈತಲೆ ತೆಗ್ಯಕ್ಕೆ ಬರಲ್ಲ ಅವನಿಗೆ! ಅಂಥೋನ ಮುಂದೆ ‘ನಿಮ್ಮ ಮ್ಯಾಲೆ ಮನಸ್ಸಾಗದೆ’ ಅಂತ ಒಂದು ಮಾತು ಆಡೋಕಾಗ್ದೆ, ಭುಜ ಊದಿಸ್ಕೊಂಡು ಸಾಯೋಕೆ ಹೊರಟಿದೀಯಲ್ಲ, ಹೇಡಿ ಮುಂಡೇದೆ! ಕುಡಿ! ಪೂರ್ತಿ ಕುಡಿ!”

ಅವಳು ಕುಡಿದಳು. ನೆಲಬೇವಿನ ಕಹಿಗೆ ಮೈಯೆಲ್ಲ ಒಮ್ಮೆ ಜುಮ್ಮೆಂದಿತು. ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ. ನಾನು ಬೈದದ್ದು ಸುಳ್ಳಾಗಿರಲಿ ಎಂದು ನಾನು ಬೇಡಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ. ನಿಜವಾಗಿರಲಪ್ಪ ಎಂದು ಬೇಡಿಕೊಂಡದ್ದೂ ಅದೇ ಸಲ, ಅದೇ ಉಸಿರಿನಲ್ಲಿ.

ಎಷ್ಟು ಹೊತ್ತಾಯಿತೋ. ಅವಳ ಹಣೆಯ ಮೇಲಿನ ಹಿಟ್ಟು ಒಂದು ಕಡೆ ಚುಕ್ಕೆಯಷ್ಟು ಒದ್ದೆಯಾಯಿತು. ಆಮೇಲೆ ಇನ್ನೊಂದು ಚುಕ್ಕೆ. ನೋಡುನೋಡುತ್ತಿದ್ದಂತೆ ಮುಖವೆಲ್ಲ ಬೆವರಿ, ಹಿಟ್ಟು ಕಲಸಿದಂತಾಗಿ ಕಿವಿಯ ಕಡೆ ಇಳಿಯಿತು. ನಾನು ಸೆರಗಿನಿಂದ ಒರೆಸಿದೆ. ಮೈ ತಣ್ಣಗಾಗಿತ್ತು. ಕುತ್ತಿಗೆ ಕುತ್ತಿಗೆಯ ಜಾಗಕ್ಕೆ ಬರುತ್ತಿತ್ತು. ಹಾಗಾದರೆ ನಿಜ. ಅನುಮಾನಕ್ಕೆ ಎಳ್ಳಷ್ಟೂ ಜಾಗವಿಲ್ಲದಂತೆ ನಿಜ.

ಹೊರಗೆ ಬಂದೆ. ಗಿರಣಿ ನಿಂತಿದ್ದರಿಂದ ನನ್ನ ದನಿ ತಗಡಿನ ಮಾಡಿಗೆ ಬಡಿದು ಬೀದಿಗೆಲ್ಲ ಕೇಳಿಸಿತ್ತು. ಕಿಟಕಿ ಬಾಗಿಲುಗಳಲ್ಲಿ ತಲೆಗಳೋ ತಲೆಗಳು. ಸಣ್ಣೀರಪ್ಪ ಬೆನ್ನುನೋವು ಮರೆತು ನೆಟ್ಟಗೆ ನಿಂತಿದ್ದ. ಗವಿರಂಗ ಮಾತ್ರ ಮೆಟ್ಟಿಲ ಮೇಲೆ ಕಲ್ಲಿನ ಹಾಗೆ ಕೂತಿದ್ದ, ಎರಡೂ ಕೈಯಿಂದ ತಲೆಯ ಬೈತಲೆ ಮುಚ್ಚಿಕೊಂಡು.

“ಜ್ವರ ಬಿಟ್ಟದೆ” ಎಂದೆ. “ಒಳಕ್ಕೋಗು.”

“ಹೋಗಿ ಏನನ್ಲಿ ಅಕ್ಕಯ್ಯ?”

“ಏನಾದ್ರೂ ಅನ್ನು. ಬೈಯೋದಂತೂ ನಿನ್ನ ಕೈಲಾಗಲ್ಲ.”

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಹರಳೆಣ್ಣೆಯ ವಾಸನೆ ಬಂತು. ಗವಿರಂಗ ಎಕ್ಕದ ಎಲೆ ಬಾಡಿಸಿ ತಂದು ನನ್ನ ಮುಂದೆ ಕೂತ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತುತ್ತಾ ಶುರು ಮಾಡಿದ. “ಹೊಟ್ಟೆಕಿಚ್ಚಿನ ಗೂಬೆ, ಮೂವತ್ತು ವರ್ಷ ಒಂದೇ ಒಲೇಲಿ ಉಂಡೋಳು ನನ್ನ ಕೇಳ್ಬಾರ್ದಾಗಿತ್ತಾ? ನಿನ್ನ ಬೀದಿಗೆ ಬಿಡೋನು ಅಂದ್ಕೊಂಡ್ಯಾ ನಾನು? ಒಂದು ಜೀವ ತಿಂದು ನೀರು ಕುಡೀತಿದ್ಯಲ್ಲೇ...” ಹತ್ತು ಬೆರಳೂ ಮುಗಿದರೂ ಬೈಗುಳ ಮುಗಿಯಲಿಲ್ಲ. ಜಗಲಿಯ ಮೇಲೆ ಕಾಯುತ್ತಿದ್ದವರು ಇದು ಇವತ್ತಿಗೆ ಮುಗಿಯುವುದಿಲ್ಲವೆಂದು ಎದ್ದು ಹೋದರು. ನಾನು ತಲೆ ಬಗ್ಗಿಸಿ ಕೇಳಿದೆ. ಬೆರಳುಗಳು ಒಂದೊಂದಾಗಿ ಹಗುರಾದವು.

ಇಪ್ಪತ್ತು ದಿನ ಕಳೆದ ಮೇಲೆ ದೇವೀರಮ್ಮ ಮನೆಗೆ ಬಂದಳು. ಗವಿರಂಗ ಸೊಪ್ಪಿಗೆ ಹೋಗಿದ್ದ. ನಾನು ನಡುಮನೆಯಲ್ಲಿ ನನ್ನ ತಗಡಿನ ಟ್ರಂಕು ಹೊರಗೆಳೆದು ಸೀರೆ ಮಡಚುತ್ತಿದ್ದೆ. ಅವನು ಏನೇ ಹೇಳಿರಲಿ, ಮಾಡಿದ್ದು ಮಾಡಿಯಾಗಿತ್ತು. ಎಲ್ಲಿಗೆ ಹೋಗುವುದೆಂದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ.

“ಎಲ್ಲಿಗೆ ಹೊರಟ್ರಿ?” ಎಂದಳು.

“ಎಲ್ಲಿಗಾದ್ರೂ. ನೀನು ಬರೋ ಮನೇಲಿ ನಾನ್ಯಾಕೆ?”

“ನಾನೆಲ್ಲಿ ಇಲ್ಲಿಗೆ ಬತ್ತೀನಿ? ಗಿರಣಿ ಹೊತ್ಕೊಂಡು ಬರೋಕಾಯ್ತದಾ? ನೀವಿಬ್ರೂ ಒರಳು ಎತ್ಕೊಂಡು ಅಲ್ಲಿಗೆ ಬರೋದು ಅಂತ ಪಂಡಿತ್ರ ಜೊತೆ ಮಾತಾಗದೆ.” ಅವಳು ನನ್ನ ಎದುರು ಕೂತಳು. “ನೀವು ಬರ್ದಿದ್ರೆ ಮದ್ವೇನೂ ಇಲ್ಲ. ನಂಗೆ ನಾಳೆ ಜ್ವರ ಬಂದ್ರೆ ಯಾರು ಬೈಯೋರು? ನಿಮ್ ತಮ್ಮ ‘ಕೂತ್ಕೊಳ್ಳಿ, ಮಲಿಕ್ಕೊಳ್ಳಿ’ ಅಂತಂತಾ ಸೊಪ್ನಲ್ಲೇ ಸುತ್ತಿ ಚಟ್ಟಕ್ಕೇರಿಸ್ತಾರೆ.”

“ನಾನು ಮಾಡಿದ್ದು ಮರೆತ್ಬುಟ್ಯಾ?” ಎಂದೆ.

“ಮರೆಯೋದಾ? ಅದನ್ನ ಜೋಪಾನವಾಗಿ ಇಟ್ಕೊಂಡಿದೀನಿ. ನಿಮ್ಗೆ ಬೆರಳು ಜೋರಾಗಿ ಊದಿದ ದಿನ ತೆಗೀತೀನಿ.”

ಅಷ್ಟು ಹೇಳಿ, ನನ್ನ ಉತ್ತರಕ್ಕೂ ಕಾಯದೆ, ಸೀರೆಗಳನ್ನೆಲ್ಲ ಒಳಗೆ ತುರುಕಿ, ಟ್ರಂಕಿನ ಮುಚ್ಚಳ ಬಡಿದು, ಎತ್ತಿ ಬಲಭುಜದ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ನಾನು ಚಪ್ಪಲಿ ಮೆಟ್ಟಿಕೊಳ್ಳಲೂ ಪುರುಸೊತ್ತಿಲ್ಲದೆ ಹಿಂದೆ ಓಡಿದೆ. “ಲೇ ಕತ್ತೆ, ನಿನ್ನೆ ಮೊನ್ನೆ ವಾಸಿಯಾದ ಭುಜ ಕಣೇ ಅದು! ಎಡಕ್ಕಿಟ್ಕೋ! ಬುದ್ಧಿ ಅನ್ನೋದು ಒಂಚೂರಾದ್ರೂ ಬೇಡ್ವೇನೆ ಮೂಳಿ! ಇಳಿಸು ಕೆಳಕ್ಕೆ!” ಬೀದಿಯ ಜನ ಹೊರಗೆ ಬಂದು ನಿಂತರು. ಸೊಪ್ಪಿಲ್ಲ, ಕಷಾಯವಿಲ್ಲ, ಇವಳಿಗೇನು ಕಾಯಿಲೆ ಎಂದು ಈಕೆ ಬೈಯುತ್ತಿದ್ದಾಳೆ ಎಂದು ಸಣ್ಣೀರಪ್ಪ ಕೇಳಿದ. ನಾನು ಅವನಿಗೂ ಎರಡು ಬೈದು ಮುಂದೆ ಹೋದೆ.

ದೇವೀರಮ್ಮ ಒಮ್ಮೆಯೂ ಹಿಂತಿರುಗಿ ನೋಡದೆ ಕೆಳಗಿನ ಬೀದಿಯ ಕೊನೆಯವರೆಗೂ ನಡೆದು, ಟ್ರಂಕನ್ನು ಗಿರಣಿಯ ಹಿಂದಿನ ಕೋಣೆಯಲ್ಲಿ ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತು ಪಾತ್ರೆ ಎತ್ತಿಕೊಂಡಳು.

“ಮುದ್ದೆಗೆ ಎಷ್ಟು ಎಸರು ಇಡ್ಲಿ ಚನ್ನಾಜಕ್ಕ?”

ಓಡಿ ಬಂದ ಏದುಸಿರಿಗೆ ನಾನು ಟ್ರಂಕಿನ ಮೇಲೇ ಕುಳಿತೆ.

“ಮೂರು ಜನಕ್ಕಾಗೋಷ್ಟು ಇಡು” ಎಂದೆ. “ಉಪ್ಪು ಮರೀಬ್ಯಾಡ.”